ಒಬ್ಬೊಬ್ಬರಿಗೆ ಒಂದೊಂದು ತಾಳ

ಸರ್ವಮಂಗಳಾಗೆ ಜನರ ಬಗ್ಗೆ ಒಳ್ಳೆಯ ಅಭಿಪ್ರಾಯ ಯಾವತ್ತೂ ಇರಲಿಲ್ಲ. ಮೃದಂಗ ನುಡಿಸುವವರಿಗೆ ಹಾಡುವವರ ಮೇಲೆ ಒಂದಿಷ್ಟು ತಾತ್ಸಾರ ಇರುವುದು ಸಹಜ. ಆಕೆಗೆ ಹಾಡುವವರ ಜತೆಗೆ ಕೇಳುವವರ ಮೇಲೂ, ಕಚೇರಿ ಏರ್ಪಡಿಸುವವರ ಮೇಲೂ, ಕೊನೆಗೆ ಬಂದು ಶಾಲು ಹೊದಿಸುವವರ ಮೇಲೂ ಇತ್ತು. ಮೈಸೂರಿನ ಸಭೆಗಳಲ್ಲಿ ಆಕೆ ನುಡಿಸಿದ್ದೆಲ್ಲ ಎಳೆಯ ಮಕ್ಕಳ ಮೊದಲ ಕಚೇರಿಗಳಿಗೆ, ಇಲ್ಲವೇ ಬರಬೇಕಾದ ಮೃದಂಗದವರು ಕೊನೇ ಗಳಿಗೆಯಲ್ಲಿ ಕೈಕೊಟ್ಟಾಗ. "ಅಮ್ಮಾ, ನಿಮ್ಮ ಕೈ ಚೆನ್ನಾಗಿದೆ, ಆದ್ರೆ ಹೆಂಗಸರ ಪಕ್ಕವಾದ್ಯ ನಮಗೆ ಒಗ್ಗೋದಿಲ್ಲ" ಎಂದು ದೊಡ್ಡ ವಿದ್ವಾಂಸರು ನಗುನಗುತ್ತಲೇ ಬಾಗಿಲು ಹಾಕಿದ್ದರು. ಅವರಲ್ಲಿ ಅರ್ಧ ಜನ ಸ್ವಲ್ಪ ಕಷ್ಟದ ನಡೆ ಬಂದರೆ ಸಾಕು, ತಾಳದ ಮೊದಲ ಪೆಟ್ಟು ಎಲ್ಲಿದೆಯೆಂದು ತಿಳಿಯದೆ ತೊಡೆ ಸವರಿಕೊಳ್ಳುತ್ತಾ ಆಕೆಯ ಮುಖ ನೋಡುವವರು. ಆಕೆ ಕಣ್ಣಲ್ಲೇ ತೋರಿಸಿಕೊಡುತ್ತಿದ್ದಳು. ಆಮೇಲೆ ಕೈಕಾಲು ತೊಳೆಯುವಾಗ ಒಬ್ಬಳೇ ನಗುತ್ತಿದ್ದಳು.

ಹಾಗಾಗಿ, ಸಂಗೀತ ಬಾರದವರಿಗೆ ಸಂಗೀತ ಮಾಡಿಕೊಡುವ ಕಂಪನಿಯೊಂದು ಕರೆದಾಗ ಆಕೆ ಹಿಂದೆಮುಂದೆ ನೋಡದೆ ಹೊರಟಳು. ಊರಾಚೆ, ಹುಣಸೂರು ರಸ್ತೆಯ ಪಕ್ಕ ಗಾಜಿನ ಕಟ್ಟಡ. ಅದರ ಮುಖ್ಯಸ್ಥ ಪ್ರದ್ಯುಮ್ನನಿಗೆ ಇನ್ನೂ ನಲವತ್ತಾಗಿರಲಿಲ್ಲ. ನರವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದ್ದ, ಹಾಡಿನಲ್ಲಿ ಒಂದು ಸರಳೆ ವರಸೆಯನ್ನೂ ಕಲಿತಿರಲಿಲ್ಲ. ಅದನ್ನು ಹೇಳಿಕೊಳ್ಳಲು ಅವನಿಗೆ ನಾಚಿಕೆಯೂ ಇರಲಿಲ್ಲ.

ಕಂಪ್ಯೂಟರಿನಲ್ಲಿ ಸಂಗೀತ ಮಾಡುವುದು ಆ ಹೊತ್ತಿಗೆ ಹಳೆಯ ಮಾತು. ಪರದೆಯ ಮೇಲೆ ಒಂದರ ಕೆಳಗೊಂದು ಟ್ರ್ಯಾಕುಗಳು, ಒಂದರಲ್ಲಿ ತಂಬೂರಿ, ಒಂದರಲ್ಲಿ ಕೊಳಲು, ಒಂದರಲ್ಲಿ ಕಂಠ. ಅಡ್ಡಕ್ಕೆ ಕಾಲ ಓಡುತ್ತದೆ, ಕಾಲವನ್ನು ಅಳೆಯಲು ಉದ್ದುದ್ದ ಗೆರೆಗಳಿವೆ. ಮೃದಂಗದ ಒಂದೊಂದು ಪೆಟ್ಟನ್ನೂ ಬೆರಳತುದಿಯಿಂದ ಎಳೆದು ಗೆರೆಯ ಮೇಲೆ ಕೂರಿಸಿದರೆ ತಾಳ ಸಿದ್ಧ. ಸರ್ವಮಂಗಳಾ ಮೊದಲ ವರ್ಷ ಸ್ಪಂಜಿನ ಗೋಡೆಗಳ ನಡುವೆ ಕೂತು ತ, ದಿ, ತೊಂ, ನಂ ಎಂದು ಒಂದೊಂದೇ ಪೆಟ್ಟನ್ನು ನೂರಾರು ಬಗೆಯಲ್ಲಿ ಹೊಡೆದು ಕಂಪ್ಯೂಟರಿಗೆ ತುಂಬಿಸಿದಳು. ತನ್ನನ್ನು ವೇದಿಕೆ ಹತ್ತಿಸದ ವಿದ್ವಾಂಸರೆಲ್ಲ ಸತ್ತ ಮೇಲೂ ತನ್ನ ಬೆರಳುಗಳು ಲೋಕವಿಡೀ ಕೇಳಿಸುತ್ತವೆ ಎಂಬ ಯೋಚನೆ ಆಕೆಗೆ ಹಿತವಾಗಿತ್ತು.

ಒಂದು ದಿನ ಪ್ರದ್ಯುಮ್ನ ಕೇಳಿದ, "ಮೇಡಂ, ಪೆಟ್ಟನ್ನ ಗೆರೆಯಿಂದ ಒಂದು ಕೂದಲೆಳೆಯಷ್ಟು ಆಚೆ ಈಚೆ ಸರಿಸಿದ್ರೆ ಕೇಳೋರಿಗೆ ಗೊತ್ತಾಗುತ್ತಾ?"

ಸರ್ವಮಂಗಳಾ ಜೋರಾಗಿ ನಕ್ಕಳು. "ನಮ್ಮ ಕೇಳೋರಿಗಾ? ಇವತ್ತಿನ ಪೆಟ್ಟು ನಾಳೆ ಬಿದ್ರೂ ಗೊತ್ತಾಗಲ್ಲ. ಎಲ್ಲಿಗೆ ಬೇಕಾದ್ರೂ ಎಳ್ಕೊಳಪ್ಪ."

ಅವನು ನಗಲಿಲ್ಲ. ಹಾಗೇ ಎಳೆದುಕೊಂಡ.

ಎದೆತಾಳ ಎಂಬ ತಂತ್ರಾಂಶ ಹುಟ್ಟಿದ್ದು ಅಲ್ಲಿಂದ. ಕಿವಿಯೊಳಗೆ ಕೂರುವ ಕಡಲೆಕಾಳಿನಷ್ಟು ಗುಂಡಿ ಅಲ್ಲಿನ ರಕ್ತನಾಳದಲ್ಲಿ ನಾಡಿ ಹೇಗೆ ಮಿಡಿಯುತ್ತಿದೆಯೆಂದು ನೋಡುತ್ತದೆ. ಹಾಡಿನ ಪ್ರತಿಯೊಂದು ಪೆಟ್ಟನ್ನೂ ತಂತ್ರಾಂಶ ಆ ಮಿಡಿತಕ್ಕೆ ಒಪ್ಪುವ ಕಡೆಗೆ ಚೂರೇ ಚೂರು ಜಗ್ಗುತ್ತದೆ. ಒಂದೇ ಹಾಡನ್ನು ಹತ್ತು ಜನ ಕೇಳಿದರೆ ಹತ್ತು ಜನಕ್ಕೂ ಹತ್ತು ತಾಳ. ಕೇಳುವವನಿಗೆ ಕಾರಣ ಗೊತ್ತಾಗುವುದಿಲ್ಲ, ಮೈಯೆಲ್ಲ ಹಗುರಾಗಿ, ಈ ಹಾಡು ನನಗಾಗಿಯೇ ಹುಟ್ಟಿದೆ ಅನ್ನಿಸುತ್ತದೆ, ಅಷ್ಟೇ. ಅದಕ್ಕಿಂತ ಹೆಚ್ಚಾಗಿ, ಹಾಡನ್ನು ಮಾಡುವವನೂ ಕೇಳುವವನೇ. ಗುಂಡಿಗೆ ಎರಡು ಸಾಲು ಗುನುಗಿದರೆ ಸಾಕು. ಅಪಸ್ವರವೆಲ್ಲ ಸ್ವರವಾಗಿ, ಹಿಂದೆ ಪಿಟೀಲು ಬಂದು, ಸರ್ವಮಂಗಳಾಳ ಮೃದಂಗ ಸೇರಿ, ಕಾಫಿ ಆರುವುದರೊಳಗೆ ಹಾಡು ತಯಾರು.

ಆರು ವರ್ಷದಲ್ಲಿ ಊರಿಗೆ ಊರೇ ಸಂಗೀತ ಸಂಯೋಜಕರಿಂದ ತುಂಬಿತು. ಬಸ್ಸಿನಲ್ಲಿ ಎಲ್ಲರೂ ತಮ್ಮ ತಮ್ಮ ಹಾಡಿಗೆ ತಲೆದೂಗುವವರೇ, ಒಬ್ಬೊಬ್ಬರ ತಲೆ ಒಂದೊಂದು ಹೊತ್ತಿಗೆ. ಮದುವೆಮನೆಯಲ್ಲಿ ಓಲಗದವರು ನುಡಿಸುತ್ತಿದ್ದರೆ ಮದುಮಗನೇ ಕಿವಿಗೆ ಗುಂಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ. ಇನ್ನೊಬ್ಬರ ಹಾಡು ಕೇಳಿಸಿದರೆ ಜನ, ಅನ್ನದಲ್ಲಿ ಕಲ್ಲು ಸಿಕ್ಕಿದಂತೆ ಮುಖ ಕಿವುಚುತ್ತಿದ್ದರು.

ಸರ್ವಮಂಗಳಾಗೆ ಇವರೆಲ್ಲರ ಮೇಲಿದ್ದ ತಿರಸ್ಕಾರಕ್ಕೆ ಮನೆಯಲ್ಲೇ ಒಂದು ಕೇಂದ್ರವಿತ್ತು. ಅದು ಆಕೆಯ ಗಂಡ ನಂಜುಂಡಾರಾಧ್ಯರು. ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಸಾಧು ಮನುಷ್ಯ. ಮೂವತ್ತು ವರ್ಷದ ಸಂಸಾರದಲ್ಲಿ ಒಂದು ಮಂಗಳಾರತಿ ಹಾಡನ್ನೂ ಅವರು ಶ್ರುತಿಯಲ್ಲಿ ಹೇಳಿದ್ದಿಲ್ಲ. ಈಗ ಬೆಳಿಗ್ಗೆ ಎದ್ದರೆ ಸಂಯೋಜನೆ. ಉಪ್ಪಿಟ್ಟು ತಣ್ಣಗಾದದ್ದರ ಮೇಲೆ ಒಂದು ಶೋಕಗೀತೆ, ನಲ್ಲಿ ನೀರು ಬಂದದ್ದರ ಮೇಲೆ ಒಂದು ವಾದ್ಯವೃಂದ.

"ಮಂಗಳಾ, ಇದನ್ನೊಂಚೂರು ಕೇಳು. ಚರಣದಲ್ಲಿ ಏನೋ ಬಂದಿದೆ."

"ನಿಮಗೆ ಬಂದಿದ್ದಲ್ಲ, ಯಂತ್ರಕ್ಕೆ ಬಂದಿದ್ದು."

"ಗುನುಗಿದ್ದು ನಾನೇ ತಾನೆ?"

"ನೀವು ಗುನುಗಿದ್ದನ್ನ ಹಾಗೇ ಹಾಕಿದ್ರೆ ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡ್ತಿದ್ರು."

ಆರಾಧ್ಯರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಎದೆಯ ಲಯಕ್ಕೆ ಮೃದಂಗ ಬೀಳುತ್ತಿರುವವನಿಗೆ ಯಾವ ಮಾತು ತಾನೇ ಚುಚ್ಚುತ್ತದೆ? ಅವರು ಹಸನ್ಮುಖರಾಗಿ ಇನ್ನೊಂದು ಹಾಡಿಗೆ ಕೈಹಾಕುತ್ತಿದ್ದರು.

ಮೊದಲ ಬಾರಿ ಆಕೆಗೆ ಏನೋ ಎಡವಟ್ಟಾಗಿದೆ ಅನ್ನಿಸಿದ್ದು ತಾರಸಿಯ ಮೇಲೆ. ಒಣಗಿದ ಹೊದಿಕೆಯನ್ನು ಗಂಡ ಹೆಂಡತಿ ಎರಡು ತುದಿ ಹಿಡಿದು ಕೊಡವುತ್ತಿದ್ದರು. ಮದುವೆಯಾದಾಗಿನಿಂದ ಮಾಡಿಕೊಂಡು ಬಂದ ಕೆಲಸ. ಆವತ್ತು ಆಕೆ ಕೊಡವಿದಾಗ ಅವರು ಕೊಡವಲಿಲ್ಲ. ಅವರು ಕೊಡವಿದಾಗ ಆಕೆಯ ಕೈಯಿಂದ ಹೊದಿಕೆ ಜಾರಿತು.

"ಒಟ್ಟಿಗೆ ಕೊಡವಿ ಅಂದ್ರೆ!"

"ಒಟ್ಟಿಗೇ ಕೊಡವಿದ್ನಲ್ಲ?"

ಇನ್ನೊಮ್ಮೆ ಮಾಡಿದರು. ಮತ್ತೆ ಜಾರಿತು. ಅವರ ಕಿವಿಯಲ್ಲಿ ಗುಂಡಿ ಇರಲಿಲ್ಲ. ಸರ್ವಮಂಗಳಾ ಹೊದಿಕೆಯನ್ನು ಕಿತ್ತುಕೊಂಡು ಒಬ್ಬಳೇ ಮಡಿಸಿದಳು. ವಯಸ್ಸಾದ ಗಂಡಸರ ಕೈಲಿ ಹೊದಿಕೆ ಕೊಡವುವ ಕೆಲಸವೂ ಆಗುವುದಿಲ್ಲ ಎಂದು ತೀರ್ಮಾನಿಸಿದಳು.

ಅದೇ ವಾರ ಎದುರು ಮನೆಯ ಫಿಲೋಮಿನಾ ಬಂದಳು. ಸರ್ಕಾರಿ ಶಾಲೆಯೊಂದರ ಮುಖ್ಯ ಶಿಕ್ಷಕಿ, ಸುಮ್ಮಸುಮ್ಮನೆ ಗಾಬರಿಯಾಗುವ ಹೆಂಗಸಲ್ಲ.

"ಅಕ್ಕಾ, ನಮ್ಮ ಮಕ್ಕಳಿಗೆ ಪ್ರಾರ್ಥನೆ ಹೇಳೋಕೆ ಆಗ್ತಿಲ್ಲ."

"ಬಾಯಿಪಾಠ ಮಾಡ್ಸು."

"ಬಾಯಿಪಾಠ ಇದೆ ಅಕ್ಕಾ, ಒಟ್ಟಿಗೆ ಬರ್ತಿಲ್ಲ. ಮುನ್ನೂರು ಮಕ್ಕಳು ಮುನ್ನೂರು ಕಡೆ ಹೋಗ್ತಾರೆ. ಕವಾಯತ್ತಿನಲ್ಲಿ ಎಡಗಾಲು ಅಂದ್ರೆ ಒಬ್ಬೊಬ್ಬರ ಕಾಲು ಒಂದೊಂದ್ಸಲ ಏಳುತ್ತೆ. ಹಗ್ಗ ಆಡೋಕೆ ಬರಲ್ಲ. ಒಬ್ಬಳು ಜಿಗಿಯೋಕೆ ಹೋಗಿ ಹಲ್ಲು ಮುರ್ಕೊಂಡ್ಳು. ಎಲ್ಲರೂ ಎದೆತಾಳದ ಮಕ್ಕಳೇ. ನೀವು ಮಾಡಿರೋದಲ್ವಾ ಅದು? ಒಂದ್ಸಲ ನೋಡಿ."

ಹಲ್ಲಿನ ಮಾತು ಸರ್ವಮಂಗಳಾಗೆ ನಾಟಿತು. ಮರುದಿನವೇ ಕಂಪನಿಯಲ್ಲಿ ಒಂದು ಪರೀಕ್ಷೆ ಏರ್ಪಡಿಸಿದಳು.

ಪರೀಕ್ಷೆ ತೀರಾ ಸರಳವಾಗಿತ್ತು. ಹತ್ತಾರು ಉದ್ಯೋಗಿಗಳನ್ನು ಸ್ಟುಡಿಯೋದಲ್ಲಿ ಕೂರಿಸಿ, ಕಿವಿಯ ಗುಂಡಿ ತೆಗೆಸಿ, ಒಬ್ಬೊಬ್ಬರ ಮುಂದೆ ಒಂದೊಂದು ಮೈಕು ಇಟ್ಟಳು. ಸ್ಪೀಕರಿನಿಂದ ಗಡಿಯಾರದಂತೆ ಟಕ್ ಟಕ್ ಎಂದು ಒಂದೇ ಸದ್ದು ಬರುತ್ತದೆ. ಅದಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಬೇಕು. ಪ್ರತಿಯೊಬ್ಬರ ಚಪ್ಪಾಳೆಯೂ ಪರದೆಯಲ್ಲಿ ಅವರವರ ಟ್ರ್ಯಾಕಿನ ಮೇಲೆ ಚುಕ್ಕೆಯಾಗಿ ಮೂಡುತ್ತದೆ. ಎಲ್ಲರೂ ಸರಿಯಾಗಿ ತಟ್ಟಿದರೆ ಚುಕ್ಕೆಗಳು ಒಂದರ ಕೆಳಗೊಂದು ಬಂದು ನೆಟ್ಟಗೆ ಗೆರೆಯಾಗಬೇಕು.

ಗೆರೆಯಾಗಲಿಲ್ಲ. ಪರದೆಯ ತುಂಬ ಸಾಸಿವೆ ಚೆಲ್ಲಿದ ಹಾಗಿತ್ತು.

ಹುಡುಗರು ಒಬ್ಬರನ್ನೊಬ್ಬರು ತೋರಿಸಿ ನಗತೊಡಗಿದರು. ಸರ್ವಮಂಗಳಾಗೆ ಮೈ ಉರಿಯಿತು. "ನಗೋಕೆ ಏನಿದೆ? ಸಂಗೀತದ ಕಂಪನಿಯಲ್ಲಿ ಸಂಬಳ ತಗೊಳ್ತೀರ, ಚಪ್ಪಾಳೆ ತಟ್ಟೋಕೆ ಬರಲ್ಲ. ಇಲ್ಲಿ ನೋಡಿ, ಹೀಗೆ" ಎಂದು ಖಾಲಿ ಮೈಕಿನ ಮುಂದೆ ಕೂತು ತಟ್ಟಿದಳು. ಕಣ್ಣು ಮುಚ್ಚಿಕೊಂಡು ಒಂದು ಪೂರ್ತಿ ಆವರ್ತ. ತಟ್ಟಿ ಮುಗಿಸಿ ಕಣ್ಣು ತೆರೆದಾಗ ಹುಡುಗರ ನಗು ನಿಂತಿತ್ತು.

ಆಕೆಯ ಚುಕ್ಕೆಗಳೂ ಗೆರೆಯ ಮೇಲಿರಲಿಲ್ಲ. ಒಂದಾದ ಮೇಲೊಂದು, ಎಲ್ಲವೂ ಗೆರೆಗಿಂತ ಮುಂಚೆ ಬಿದ್ದಿದ್ದವು.

ಮೈಕು ಕೆಟ್ಟಿದೆ ಎಂದಳು. ಬೇರೆ ಮೈಕು ತಂದರು. ಕಂಪ್ಯೂಟರು ತಡಮಾಡುತ್ತಿದೆ ಎಂದಳು. ಬೇರೆ ಕಂಪ್ಯೂಟರು ತಂದರು. ಹುಡುಗರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಮತ್ತೆ ಮತ್ತೆ ತಟ್ಟಿದಳು. ಆರು ವರ್ಷ ದಿನವಿಡೀ ಗುಂಡಿ ಸಿಕ್ಕಿಸಿಕೊಂಡು ಎದೆತಾಳದ ಹಾಡುಗಳನ್ನು ತಪಾಸಣೆ ಮಾಡಿದವಳು ಆಕೆಯೇ. ತನ್ನ ಕಿವಿ ಬೇರೆ, ಜನರ ಕಿವಿ ಬೇರೆ ಎಂದು ಆಕೆ ನಂಬಿದ್ದಳು. ಕಿವಿಯ ನರಕ್ಕೆ ಆ ವ್ಯತ್ಯಾಸ ಗೊತ್ತಿರಲಿಲ್ಲ.

ಆಗಿದ್ದೇನೆಂದು ಆಕೆಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಾಳಕ್ಕೆ ಚಪ್ಪಾಳೆ ತಟ್ಟುವವನು ಪೆಟ್ಟು ಕೇಳಿಸಿದ ಮೇಲೆ ಕೈ ಎತ್ತುವುದಿಲ್ಲ. ಹಾಗೆ ಮಾಡಿದರೆ ಪ್ರತಿಸಲವೂ ತಡವಾಗುತ್ತದೆ. ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಮಿದುಳು ಮೊದಲೇ ಊಹಿಸಿ ಕೈಯನ್ನು ಹೊರಡಿಸುತ್ತದೆ. ಅಮ್ಮ ಬೆನ್ನು ತಟ್ಟಿ ಮಲಗಿಸುವಾಗಿನಿಂದ, ಇನ್ನೊಬ್ಬರ ಜತೆ ಹೆಜ್ಜೆ ಹಾಕುತ್ತಾ, ಇನ್ನೊಬ್ಬರ ಹಾಡಿಗೆ ದನಿ ಸೇರಿಸುತ್ತಾ ಮನುಷ್ಯ ಆ ಊಹೆಯನ್ನು ಕಲಿಯುತ್ತಾನೆ. ಎದೆತಾಳ ಆ ತೊಂದರೆಯನ್ನೇ ತಪ್ಪಿಸಿತ್ತು. ಪೆಟ್ಟೇ ಬಂದು ಕೇಳುಗನ ಕಾಲಿಗೆ ಬೀಳುವಾಗ, ಪೆಟ್ಟಿಗಾಗಿ ಕಾಯುವ ಕಷ್ಟ ಯಾರಿಗೆ ಬೇಕು? ಜನರ ಮಿದುಳು ಈಗ ತನ್ನ ಎದೆಯೊಂದನ್ನೇ ಕೇಳುತ್ತಿತ್ತು. ಹೊರಗಿನ ಪೆಟ್ಟು ಅದಕ್ಕೆ ಬರೀ ಗದ್ದಲ.

ಪ್ರದ್ಯುಮ್ನನ ಕೋಣೆಗೆ ಹೋಗಿ ಹುಡುಗರ ಚುಕ್ಕೆಗಳನ್ನೆಲ್ಲ ತೋರಿಸಿದಳು. ತನ್ನದನ್ನು ತೋರಿಸಲಿಲ್ಲ.

ಅವನು ಆಸಕ್ತಿಯಿಂದಲೇ ನೋಡಿದ. "ಚೆನ್ನಾಗಿದೆ ಮೇಡಂ. ನಾನು ಅಂದ್ಕೊಂಡಿದ್ದಕ್ಕಿಂತ ಆಳಕ್ಕೆ ಹೋಗಿದೆ."

"ಚೆನ್ನಾಗಿದೆಯಾ? ಶಾಲೆ ಮಕ್ಕಳಿಗೆ ಒಟ್ಟಿಗೆ ಪ್ರಾರ್ಥನೆ ಹೇಳೋಕೆ ಬರ್ತಿಲ್ಲ."

"ಒಟ್ಟಿಗೆ ಹೇಳ್ಬೇಕು ಅಂತ ಯಾರಿಗಿದೆ? ಮೇಷ್ಟ್ರಿಗಿದೆ, ಮಿಲಿಟರಿಗಿದೆ. ಮಕ್ಕಳಿಗಿಲ್ಲ. ಮನುಷ್ಯ ಮೊದಲ ಸಲ ತನ್ನ ತಾಳಕ್ಕೆ ತಾನು ಬದುಕ್ತಿದ್ದಾನೆ ಮೇಡಂ, ಇದು ಸ್ವಾತಂತ್ರ್ಯ."

"ಇದಕ್ಕೆ ಸ್ವಾತಂತ್ರ್ಯ ಅನ್ನಲ್ಲ, ತಾಳಗೇಡಿತನ ಅಂತಾರೆ."

"ಜನರಿಗೆ ತಾಳ ಯಾವತ್ತಿತ್ತು?" ಅವನು ನಯವಾಗಿಯೇ ಕೇಳಿದ. "ಇವತ್ತಿನ ಪೆಟ್ಟು ನಾಳೆ ಬಿದ್ರೂ ಗೊತ್ತಾಗಲ್ಲ, ಎಲ್ಲಿಗೆ ಬೇಕಾದ್ರೂ ಎಳ್ಕೋ ಅಂದೋರು ನೀವೇ ಅಲ್ವಾ? ಹೊಸಬರು ಸೇರಿದಾಗೆಲ್ಲ ನಿಮ್ಮ ಹೆಸರು ಹೇಳಿ ಆ ಮಾತು ಹೇಳ್ತೀನಿ ನಾನು."

ಅವನೇ ಮಾತು ಬದಲಿಸಿದ. ಬರುವ ಭಾನುವಾರ ಕಂಪನಿಯ ವಾರ್ಷಿಕೋತ್ಸವ. ಅಂಗಳದಲ್ಲಿ ದೀಪಗಳನ್ನೂ ಸ್ಪೀಕರುಗಳನ್ನೂ ಹೊತ್ತ, ಚಪ್ಪರದಂತೆ ಹರಡಿದ ಕಬ್ಬಿಣದ ದೊಡ್ಡ ಕಮಾನನ್ನು ಜನರ ಕಣ್ಣೆದುರೇ ಎತ್ತಿ ನಿಲ್ಲಿಸುವುದು. ನಾಲ್ಕು ಮೂಲೆಯಲ್ಲಿ ಸರಪಳಿ ಎಳೆಯುವ ನಾಲ್ಕು ಕೈರಾಟೆಗಳು. ನಾಲ್ವರು ಬಳಕೆದಾರರು ಕಿವಿಯಲ್ಲಿ ತಮ್ಮತಮ್ಮ ಹಾಡು ಕೇಳುತ್ತಾ ರಾಟೆ ತಿರುಗಿಸುತ್ತಾರೆ. ನಾಲ್ಕು ಎದೆ, ನಾಲ್ಕು ತಾಳ, ಒಂದು ಕಮಾನು.

"ನಾಲ್ಕು ರಾಟೆ ಒಟ್ಟಿಗೆ ತಿರುಗದಿದ್ರೆ ಕಮಾನು ವಾಲುತ್ತಪ್ಪಾ."

"ಅದಕ್ಕೆಲ್ಲ ಎಂಜಿನಿಯರುಗಳಿದ್ದಾರೆ ಮೇಡಂ. ಅಂದ ಹಾಗೆ ಒಂದು ಸಿಹಿ ಸುದ್ದಿ. ವರ್ಷದ ಹಿರಿಯ ಸಂಯೋಜಕ ಪ್ರಶಸ್ತಿ ನಿಮ್ಮ ಯಜಮಾನ್ರಿಗೆ ಬಂದಿದೆ. ಒಂದು ರಾಟೆ ಅವರದೇ."

ಮನೆಗೆ ಬಂದಾಗ ಆರಾಧ್ಯರು ರೇಷ್ಮೆ ಜುಬ್ಬಕ್ಕೆ ಇಸ್ತ್ರಿ ಹಾಕುತ್ತಿದ್ದರು. ಹೋಗಬೇಡಿ ಎನ್ನಬೇಕೆಂದು ಬಾಯಿಯವರೆಗೆ ಬಂತು. ಆದರೆ ಹೇಳಹೊರಟರೆ ತನ್ನ ಚುಕ್ಕೆಗಳ ವಿಷಯವನ್ನೂ ಹೇಳಬೇಕಾಗುತ್ತದೆ. ಉಪ್ಪಿಟ್ಟಿನ ಮೇಲೆ ಶೋಕಗೀತೆ ಬರೆದವರ ಮುಂದೆ, ನನ್ನ ತಾಳವೂ ಕೆಟ್ಟಿದೆ ಎಂದು ಒಪ್ಪಿಕೊಳ್ಳುವುದೇ? "ಜುಬ್ಬದ ಕಾಲರ್ ಸುಟ್ಟೀತು, ನೋಡ್ಕೊಳ್ಳಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಭಾನುವಾರ ಅಂಗಳದ ತುಂಬ ಜನ. ಹೂಕುಂಡಗಳು, ಮಜ್ಜಿಗೆಯ ಲೋಟಗಳು, ಪ್ರತಿಯೊಂದು ಕಿವಿಯಲ್ಲೂ ಒಂದೊಂದು ಗುಂಡಿ. ಸ್ವಾಗತಗೀತೆಯೆಂದು ಎಲ್ಲರೂ ತಮ್ಮತಮ್ಮ ಸ್ವಾಗತಗೀತೆ ಕೇಳಿಕೊಂಡರು, ಹೊರಗಿನವರಿಗೆ ಬರೀ ನಿಶ್ಶಬ್ದ. ಸರ್ವಮಂಗಳಾ ಹಿಂದಿನ ಸಾಲಿನಲ್ಲಿ ಬಿಗಿದುಕೊಂಡು ಕೂತಿದ್ದಳು. ಎಂಥೆಂಥವರೆಲ್ಲ ಸಂಯೋಜಕರು! ಟೊಮೇಟೊ ವ್ಯಾಪಾರದ ಮಧ್ಯೆ ಸಿಂಫನಿ ಬರೆದವನೊಬ್ಬ, ಸೊಸೆಯನ್ನು ಬೈಯುತ್ತಾ ದೇವರನಾಮ ಕಟ್ಟಿದವಳೊಬ್ಬಳು. ಎಲ್ಲರಿಗೂ ಶಾಲು, ಎಲ್ಲರಿಗೂ ಫಲಕ. ಗಂಡನ ಹೆಸರು ಕರೆದಾಗ ಆಕೆ ನೆಲ ನೋಡಿದಳು.

ಕಮಾನು ಏಳತೊಡಗಿತು. ಪ್ರದ್ಯುಮ್ನ ಅದರ ಕೆಳಗೇ ನಿಂತು ಮೈಕು ಹಿಡಿದು ಮಾತಾಡುತ್ತಿದ್ದ. ಆರಾಧ್ಯರು ಮುಂದಿನ ಎಡಮೂಲೆಯಲ್ಲಿ, ಕಣ್ಣು ಅರೆಮುಚ್ಚಿ, ಆನಂದದಿಂದ ರಾಟೆ ತಿರುಗಿಸುತ್ತಿದ್ದರು. ಮೊದಮೊದಲು ಎಲ್ಲವೂ ಸರಿಯಾಗಿಯೇ ಇತ್ತು. ಆಳೆತ್ತರ ಏರಿದ ಮೇಲೆ ಒಂದು ಮೂಲೆ ಮುಂದಾಯಿತು, ಅದರೆದುರಿನದು ಹಿಂದುಳಿಯಿತು. ಸರಪಳಿ ಕಿರುಗುಟ್ಟಿತು. ಹಿಂದುಳಿದವನು ಅವಸರ ಮಾಡಿದ. ಮುಂದಿದ್ದವನು, ಬಾಕಿಯವರು ಬರಲೆಂದು ನಿಂತ. ಎಂಜಿನಿಯರು ಕೂಗಿದ. ಕೂಗು ಯಾರ ಕಿವಿಗೂ ಹೋಗಲಿಲ್ಲ. ಕಮಾನು ತೊಟ್ಟಿಲಿನಂತೆ ಒಮ್ಮೆ ಅತ್ತ, ಒಮ್ಮೆ ಇತ್ತ ತೂಗಿ, ಸರಪಳಿ ಹರಿದುಕೊಂಡು ಕೆಳಗೆ ಬಿತ್ತು.

ಧೂಳು ಇಳಿದಾಗ ಪ್ರದ್ಯುಮ್ನ ಕಬ್ಬಿಣದ ಅಡಿಯಲ್ಲಿದ್ದ. ತೊಡೆಯಿಂದ ಕೆಳಗೆ ಕಾಣಿಸುತ್ತಿರಲಿಲ್ಲ. ರಾಟೆಯವರು ನಾಲ್ವರೂ ಹಿಡಿಕೆ ಬಿಟ್ಟಿರಲಿಲ್ಲ.

"ನಾನು ಸರಿಯಾಗೇ ತಿರುಗಿಸ್ದೆ" ಎಂದ ಒಬ್ಬ.

"ನಾನೂ ಸರಿಯಾಗೇ ತಿರುಗಿಸ್ದೆ" ಎಂದರು ಆರಾಧ್ಯರು. ಅವರ ಮುಖ ಬಿಳಿಚಿತ್ತು. "ಮಂಗಳಾ, ದೇವರಾಣೆಗೂ ಸರಿಯಾಗೇ ತಿರುಗಿಸ್ದೆ ಕಣೇ."

ಕ್ರೇನು ಊರೊಳಗಿಂದ ಬರಬೇಕು. ಅಷ್ಟರಲ್ಲಿ ರಕ್ತ ಹರಿದು ಅವನು ಉಳಿಯುವುದಿಲ್ಲವೆಂದು, ಅಲ್ಲಿದ್ದ ವೈದ್ಯೆಯೊಬ್ಬಳು ಕೂಗಿ ಹೇಳಿದಳು. ಜನ ಓಡಿಬಂದು ಕಮಾನಿನ ಸುತ್ತ ಕೈಹಾಕಿದರು. ಇಪ್ಪತ್ತು ಮೂವತ್ತು ಜನ ಸೇರಿ ಎತ್ತಿದರೆ ಏಳದ ಭಾರವೇನಲ್ಲ ಅದು.

"ಕಿವಿಯಿಂದ ಗುಂಡಿ ಕಿತ್ತೆಸೀರಿ!" ಸರ್ವಮಂಗಳಾ ಮುಂದೆ ಬಂದಳು. ಮಜ್ಜಿಗೆಯ ಖಾಲಿ ಹಂಡೆಯೊಂದು ಕೈಗೆ ಸಿಕ್ಕಿತು. "ನಾನು ಮೂರನೇ ಪೆಟ್ಟು ಹೊಡೆದಾಗ ಎತ್ತಿ. ಒಂದು, ಎರಡು, ಮೂರು!"

ಅವರು ಎತ್ತಿದರು. ಒಬ್ಬೊಬ್ಬರೂ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎತ್ತಿದರು, ಒಬ್ಬೊಬ್ಬರೂ ತಮ್ಮ ತಮ್ಮ ಮೂರಕ್ಕೆ. ಎಡಗಡೆ ಎದ್ದಿತು, ಬಲಗಡೆ ಏಳಲಿಲ್ಲ. ಬಲಗಡೆ ಏಳುವಷ್ಟರಲ್ಲಿ ಎಡಗಡೆಯವರ ಕೈ ಸೋತಿತ್ತು. ಕಬ್ಬಿಣ ಒಂದು ಗೇಣು ಎದ್ದು ಮತ್ತೆ ಅವನ ಕಾಲ ಮೇಲೇ ಕುಸಿಯಿತು. ಪ್ರದ್ಯುಮ್ನ ಕಿರುಚಿದ.

"ದಡ್ಡರಾ! ಮೂರು ಅಂದ್ರೆ ಮೂರು! ಮತ್ತೆ!"

ಮತ್ತೆ ಹಾಗೇ ಆಯಿತು. ಈ ಸಲ ಅವನು ಇನ್ನೂ ಜೋರಾಗಿ ಕಿರುಚಿದ. ಜನ ಬೆದರಿದ ಕಣ್ಣುಗಳಿಂದ ಆಕೆಯನ್ನೇ ನೋಡುತ್ತಿದ್ದರು. ಟೊಮೇಟೊ ವ್ಯಾಪಾರಿ, ಸೊಸೆಯನ್ನು ಬೈಯುವ ಅತ್ತೆ, ಸ್ಟುಡಿಯೋದ ಹುಡುಗರು, ಎಲ್ಲರೂ ಆಕೆಯ ಕೈಯಲ್ಲಿದ್ದ ಹಂಡೆಯನ್ನು ನಂಬಿಕೊಂಡು ನಿಂತಿದ್ದರು. ಸರ್ವಮಂಗಳಾ ಹಂಡೆಯ ಮೇಲೆ ಎತ್ತಿದ ಕೈಯನ್ನು ನೋಡಿದಳು. ಆ ಕೈ ಗೆರೆಗಿಂತ ಮುಂಚೆ ಬೀಳುತ್ತದೆ. ತಾನು ಒಂದು, ಎರಡು ಎಂದು ಎಣಿಸುತ್ತಿರುವುದೂ ತನ್ನ ಎದೆಯ ಎಣಿಕೆಯೇ, ಈ ಗಾಬರಿಯಲ್ಲಿ ಅದು ಇನ್ನಷ್ಟು ಅಡ್ಡಾದಿಡ್ಡಿ.

ಹಂಡೆ ಕೆಳಗಿಟ್ಟಳು.

"ನನ್ನ ಎಣಿಕೆ ಕೇಳ್ಬೇಡಿ" ಎಂದಳು. ಇನ್ನಷ್ಟು ಜೋರಾಗಿ ಹೇಳಿದಳು. "ನನ್ನದೂ ಕೆಟ್ಟಿದೆ. ನಿಮ್ಮೆಲ್ಲರ ಹಾಗೇ ನನ್ನದೂ ಕೆಟ್ಟಿದೆ. ಯಾರೂ ಎಣಿಸ್ಬೇಡಿ."

ಆರಾಧ್ಯರು ಹೆಂಡತಿಯ ಮುಖವನ್ನೇ ಪಿಳಿಪಿಳಿ ನೋಡಿದರು.

"ಕಿವಿ ಬೇಡ, ಮೈ ಬಳಸಿ" ಎಂದಳು ಆಕೆ. "ಹತ್ತಿರ ಬನ್ನಿ. ಭುಜಕ್ಕೆ ಭುಜ, ಸೊಂಟಕ್ಕೆ ಸೊಂಟ, ನಡುವೆ ಬೆರಳು ತೂರೋಕೂ ಜಾಗ ಬೇಡ. ಯಾರೂ ಮುಂದಾಗಿ ಎತ್ತಬೇಡಿ. ಪಕ್ಕದವರ ಮೈ ಬಿಗಿಯೋದು ಗೊತ್ತಾಗುತ್ತಲ್ಲ, ಅದು ಗೊತ್ತಾದಾಗ ನೀವೂ ಬಿಗೀರಿ. ಅಷ್ಟೇ ಸಾಕು. ನಾಚಿಕೆ ಬಿಟ್ಟು ಒತ್ಕೊಂಡು ನಿಂತ್ಕೊಳ್ರೀ!"

ಆಕೆಯೂ ಸಾಲಿಗೆ ಸೇರಿದಳು. ಒಂದು ಕಡೆ ಟೊಮೇಟೊ ವ್ಯಾಪಾರಿಯ ಬೆವರಿದ ತೋಳು, ಇನ್ನೊಂದು ಕಡೆ ಗಂಡ. ಯಾರದೋ ಉಸಿರು ಕತ್ತಿನ ಮೇಲೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆರಾಧ್ಯರ ಭುಜ ಗಟ್ಟಿಯಾಯಿತು. ಅದು ತನ್ನ ಭುಜಕ್ಕೆ ಬಂದದ್ದೂ, ತನ್ನಿಂದ ಆ ಕಡೆ ಹೋದದ್ದೂ ಸರ್ವಮಂಗಳಾಗೆ ತಿಳಿಯಿತು. ತಾನು ಎತ್ತುತ್ತಿದ್ದೇನೆಂದು ಅನ್ನಿಸುವ ಮೊದಲೇ ಕಬ್ಬಿಣ ನೆಲಬಿಟ್ಟಿತ್ತು. ನಿಧಾನವಾಗಿ, ವಾಲದೆ, ಇಡೀ ಕಮಾನು ಮೊಣಕಾಲಿನ ಮಟ್ಟಕ್ಕೆ ಬಂತು. ವೈದ್ಯೆಯೂ ಇನ್ನಿಬ್ಬರೂ ಪ್ರದ್ಯುಮ್ನನನ್ನು ತೋಳು ಹಿಡಿದು ಎಳೆದುಕೊಂಡರು.

ಅವನು ಬದುಕಿದ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಮೊದಲ ಸಲ ಎತ್ತಿದಾಗಲೇ ಹೊರಗೆ ಬಂದಿದ್ದರೆ ಕಾಲು ಉಳಿಯುತ್ತಿತ್ತೆಂದು ವೈದ್ಯರು ಹೇಳಿದರು.

ಸರ್ವಮಂಗಳಾ ಆಸ್ಪತ್ರೆಗೆ ಹೋದಾಗ ಅವನು ದಿಂಬಿಗೆ ಒರಗಿ ಕೂತು ಟ್ಯಾಬ್ಲೆಟ್ಟಿನ ಮೇಲೆ ಏನೋ ಗೀಚುತ್ತಿದ್ದ. ಮುಖ ಬತ್ತಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಸೇಬುಹಣ್ಣಿನ ಚೀಲವನ್ನು ಪಕ್ಕಕ್ಕಿಟ್ಟು ಆಕೆ ಕೂರುವಷ್ಟರಲ್ಲೇ ಶುರುಮಾಡಿದ.

"ಮೇಡಂ, ಆವತ್ತು ನೀವು ಮಾಡಿದ್ದನ್ನ ಯೋಚಿಸ್ತಾನೇ ಇದ್ದೀನಿ. ಅದ್ಭುತ! ಮೈಯಿಂದ ಮೈಗೆ ಸಂಕೇತ ಹೋಗುತ್ತೆ, ಕಿವಿಯ ಹಂಗೇ ಇಲ್ಲ. ಇಲ್ಲಿ ನೋಡಿ, ಸೊಂಟಕ್ಕೆ ಒಂದು ಪಟ್ಟಿ. ಪಕ್ಕದವರು ಅಲ್ಲಾಡಿದ್ದು ಕಂಪನವಾಗಿ ನಿಮಗೆ ಬರುತ್ತೆ. ಎದೆತಾಳ ಇರೋರೆಲ್ಲ ಇದನ್ನೂ ಕೊಳ್ಳಲೇಬೇಕಾಗುತ್ತೆ. ಹೆಸರೂ ಇಟ್ಟಾಗಿದೆ, 'ಒಗ್ಗಟ್ಟು'."

ಸರ್ವಮಂಗಳಾ ಆ ಚಿತ್ರವನ್ನು ನೋಡಿದಳು. ಚೆನ್ನಾಗಿಯೇ ಬರೆದಿದ್ದ. ಆಮೇಲೆ ಹೊದಿಕೆಯಡಿ ಕಾಲು ಇರಬೇಕಾಗಿದ್ದ ಕಡೆ ನೋಡಿದಳು. ಇಷ್ಟು ವರ್ಷ ಆಕೆ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಸಲಿಗೆಯಿಂದ. ಆವತ್ತು ಹಾಗಿರಲಿಲ್ಲ.

"ನೀನು ಎಂಥ ಮನುಷ್ಯನೋ ಪ್ರದ್ಯುಮ್ನ! ಮನುಷ್ಯರ ಪಕ್ಕ ಮನುಷ್ಯರು ನಿಂತ್ಕೊಂಡ್ರು ಕಣೋ, ಅಷ್ಟೇ ಆಗಿದ್ದು. ನಿನಗೆ ಅದ್ರಲ್ಲಿ ಕಂಡಿದ್ದು ಪಟ್ಟಿ. ಕಾಲು ಕಳ್ಕೊಂಡ್ರೂ ನಿನಗೆ ಬುದ್ಧಿ ಬರ್ಲಿಲ್ಲ."

"ಅಂದ್ರೆ, ನೀವು ಈ ತಂಡದಲ್ಲಿ ಇರಲ್ವಾ?" ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಸೇಬು ತಿನ್ನು. ಒಳ್ಳೇ ಹಣ್ಣು" ಎಂದು ಎದ್ದು ಬಂದಳು. ಮತ್ತೆ ಆ ಗಾಜಿನ ಕಟ್ಟಡಕ್ಕೆ ಹೋಗಲಿಲ್ಲ.

ಎದೆತಾಳ ನಿಲ್ಲಲಿಲ್ಲ. ಪತ್ರಿಕೆಗಳಲ್ಲಿ ಒಂದಿಷ್ಟು ದಿನ ಗಲಾಟೆಯಾಯಿತು, ಟಿವಿಯಲ್ಲಿ ಚರ್ಚೆಗಳಾದವು. ಚರ್ಚೆಗೆ ಬಂದವರು ಒಬ್ಬರ ಮಾತಿನ ಮೇಲೊಬ್ಬರು ಬಿದ್ದರು, ಅದು ರೋಗದಿಂದಲೋ ಅಭ್ಯಾಸದಿಂದಲೋ ಹೇಳಲಾಗಲಿಲ್ಲ. ಕೊನೆಗೆ, ಅತಿಯಾಗಿ ಬಳಸಬಾರದೆಂದು ಗುಂಡಿಯ ಡಬ್ಬಿಯ ಮೇಲೆ ಇರುವೆಗಾತ್ರದ ಅಕ್ಷರಗಳಲ್ಲಿ ಅಚ್ಚಾಯಿತು. ಯಾರೂ ಓದಲಿಲ್ಲ. ಒಗ್ಗಟ್ಟಿನ ಪಟ್ಟಿ ಮಾರುಕಟ್ಟೆಗೆ ಬಂದ ದಿನ ಅಂಗಡಿಗಳ ಮುಂದೆ ಜನ ಸಾಲುಗಟ್ಟಿದರು. ಸಾಲಿನಲ್ಲಿ ಒಬ್ಬರನ್ನೊಬ್ಬರು ತುಳಿದುಕೊಂಡರು. ಸರ್ವಮಂಗಳಾ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ ಮುಖ ತಿರುಗಿಸಿದಳು.

ಶನಿವಾರ ಬೆಳಗಿನ ಹೊತ್ತು ಆಕೆ ಫಿಲೋಮಿನಾಳ ಶಾಲೆಯ ಹಜಾರಕ್ಕೆ ಹೋಗತೊಡಗಿದಳು. ಒತ್ತಾಯಿಸಿದ್ದು ಫಿಲೋಮಿನಾ. ಮಕ್ಕಳ ಜತೆ ಮಕ್ಕಳ ಅಪ್ಪ ಅಮ್ಮಂದಿರು, ಬೀದಿಯ ಒಂದಿಬ್ಬರು ಮುದುಕರು, ಕರೆಯದಿದ್ದರೂ ಬಂದ ಟೊಮೇಟೊ ವ್ಯಾಪಾರಿ, ಮತ್ತು ನಂಜುಂಡಾರಾಧ್ಯರು. ಎಲ್ಲರೂ ನೆಲದ ಮೇಲೆ ಒತ್ತಿಕೊಂಡು ದುಂಡಗೆ ಕೂರುವುದು. ಎಡಗೈ ಅಂಗಾತ. ಬಲಗೈಯಿಂದ ತಟ್ಟುವುದು ತನ್ನ ಕೈಯನ್ನಲ್ಲ, ಪಕ್ಕದವರ ಅಂಗೈಯನ್ನು. ಗುಂಡಿಯಿಲ್ಲ, ಸ್ಪೀಕರಿಲ್ಲ, ಮೃದಂಗವಿಲ್ಲ.

ಕೇಳಲು ಅದು ಘೋರವಾಗಿತ್ತು. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಪಟಪಟಪಟ. ಒಬ್ಬ ಮುದುಕರು ಮೂರು ತಟ್ಟುವಲ್ಲಿ ಐದು ತಟ್ಟುತ್ತಿದ್ದರು. ಒಬ್ಬ ತಾಯಿ ತನ್ನ ಮಗಳನ್ನು ಬಿಟ್ಟು ಬೇರೆ ಯಾರ ಕೈಯನ್ನೂ ತಟ್ಟಲು ಒಲ್ಲಳು. ಸರ್ವಮಂಗಳಾ ಎಲ್ಲರನ್ನೂ ಬೈಯುತ್ತಿದ್ದಳು. "ಅದು ಅಂಗೈ, ಸೊಳ್ಳೆಯಲ್ಲ." "ನೀವು ತಟ್ತಿದ್ದೀರೋ ಹಿಟ್ಟು ಕಲಸ್ತಿದ್ದೀರೋ?" ಆಕೆಯದೇ ಕೈ ಮುಂದಾದಾಗ ಪಕ್ಕದಲ್ಲಿ ಕೂತ ಪ್ರೈಮರಿ ಶಾಲೆಯ ಹುಡುಗಿ, "ಅಜ್ಜಿ, ನೀವೂ ತಪ್ಪು" ಎನ್ನುತ್ತಿದ್ದಳು. ಸರ್ವಮಂಗಳಾ ಅವಳನ್ನು ದುರುಗುಟ್ಟಿ ನೋಡಿ, ಕೈಯನ್ನು ಸ್ವಲ್ಪ ತಡೆದು ತಟ್ಟುತ್ತಿದ್ದಳು. ಆರಾಧ್ಯರು ಹೆಂಡತಿಯ ಇನ್ನೊಂದು ಪಕ್ಕ ಕೂತು, ಪ್ರತಿ ಪೆಟ್ಟಿಗೂ ನಾಲಿಗೆ ಕಚ್ಚಿಕೊಂಡು, ಮಗ್ಗಿ ಒಪ್ಪಿಸುವ ಹುಡುಗನಂತೆ ಬೆವರುತ್ತಿದ್ದರು.

ವಾರಗಟ್ಟಲೆ ಹೀಗೇ ನಡೆಯಿತು. ಅರ್ಧ ಜನ ಬರುವುದು ಬಿಟ್ಟರು. ತಾನೂ ಬಿಡಬೇಕೆಂದು ಆಕೆ ಪ್ರತಿ ಶುಕ್ರವಾರ ನಿರ್ಧರಿಸುತ್ತಿದ್ದಳು, ಪ್ರತಿ ಶನಿವಾರ ಸೀರೆ ಉಟ್ಟು ಹೊರಡುತ್ತಿದ್ದಳು.

ಒಂದು ಶನಿವಾರ, ಎಲ್ಲರೂ ದಣಿದು, ಇನ್ನು ಎದ್ದು ಹೋಗೋಣವೆನ್ನುವ ಹೊತ್ತಿಗೆ, ಪಟಪಟದ ನಡುವೆ ಒಮ್ಮೆ, ಒಂದೇ ಒಮ್ಮೆ, ಎಲ್ಲ ಅಂಗೈಗಳೂ ಒಟ್ಟಿಗೆ ಬಿದ್ದವು. ಹಜಾರದ ಗೋಡೆ ಅದಕ್ಕೆ ಒಂದು ಮಾರ್ದನಿ ಕೊಟ್ಟಿತು. ಮಕ್ಕಳು ಬೆಚ್ಚಿದರು. ಕೈಗಳೆಲ್ಲ ಬಿದ್ದಲ್ಲೇ ನಿಂತವು. ಫಿಲೋಮಿನಾ ಬಾಯಿಗೆ ಸೆರಗು ಒತ್ತಿಕೊಂಡಳು. ಆರಾಧ್ಯರು, "ಮಂಗಳಾ, ಬಂತು! ಕೇಳಿಸ್ತೇನೇ? ಬಂತು!" ಎಂದು ಕಣ್ಣೊರೆಸಿಕೊಂಡರು.

ಸರ್ವಮಂಗಳಾ ಗಂಡನ ಅಂಗೈ ಮೇಲೆ ಬಿದ್ದಿದ್ದ ತನ್ನ ಕೈಯನ್ನು ತೆಗೆಯಲಿಲ್ಲ. ಮುಖವನ್ನು ಆದಷ್ಟು ಗಂಟಿಕ್ಕಿಕೊಂಡಳು.

"ಒಂದು ಸಲ ಬಿದ್ರೆ ಅದಕ್ಕೆ ತಾಳ ಅನ್ನಲ್ಲ, ಆಕಸ್ಮಿಕ ಅಂತಾರೆ" ಎಂದಳು. "ಎಲ್ಲಿ, ಇನ್ನೊಂದ್ಸಲ."